ನಮ್ಮ ಸಾಫ್ಟ್‌ವೇರ್‌ನೊಳಗೆ ಯಾರ್ಯಾರ ಕೋಡ್ ಇತ್ತು: ಒಂದು ಲೈಸೆನ್ಸ್ ಆಡಿಟ್‌ನ ಅನುಭವ

ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾರುವವರ ಹತ್ತಿರ ಓಪನ್ ಸೋರ್ಸ್ ಲೈಸೆನ್ಸ್ ಬಗ್ಗೆ ಯಾರೂ ಕೇಳುವುದಿಲ್ಲ. ಬಡ್ಡಿ ಲೆಕ್ಕ ಸರಿ ಬರುತ್ತದಾ, ಪಿಗ್ಮಿ ಕಲೆಕ್ಷನ್ ಸಂಜೆಯೊಳಗೆ ಟ್ಯಾಲಿ ಆಗುತ್ತದಾ, ರಶೀದಿ ಕನ್ನಡದಲ್ಲಿ ಬರುತ್ತದಾ, ಇಷ್ಟೇ ಅವರ ಪ್ರಶ್ನೆ. ಓಪನ್ ಸೋರ್ಸ್ ಅಂದರೆ ಬರೆದವರು ಸೋರ್ಸ್, ಅಂದರೆ ಮೂಲ ಕೋಡ್, ತೆರೆದಿಟ್ಟು ಬೇರೆಯವರಿಗೂ ಬಳಸಲು ಬಿಟ್ಟ ಸಾಫ್ಟ್‌ವೇರ್. ಹೇಗೆ ಬಳಸಬಹುದು ಎಂಬ ಷರತ್ತಿನ ಪತ್ರವೇ ಲೈಸೆನ್ಸ್. ನಾನು ಕೆಲಸ ಮಾಡುವ ಕಂಪನಿ ಇರುವುದು ಮಂಗಳೂರಿನಲ್ಲಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸಹಕಾರಿ ಸಂಘಗಳಿಗೆ ನಾವು ಲೆಕ್ಕಪತ್ರದ ಸಾಫ್ಟ್‌ವೇರ್ ಕೊಡುತ್ತೇವೆ. ಅದರ ಜೊತೆ ಪಿಗ್ಮಿ ಏಜೆಂಟರಿಗೆ ಒಂದು ಆ್ಯಂಡ್ರಾಯ್ಡ್ ಆ್ಯಪ್, ಕೆಲವು ಸಂಘಗಳಿಗೆ ಪಾಸ್‌ಬುಕ್ ಪ್ರಿಂಟ್ ಮಾಡುವ ಒಂದು ಸಣ್ಣ ಕಿಯೋಸ್ಕ್. ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಉಡುಪಿಯಲ್ಲಿ ಅದನ್ನು ಶುರು ಮಾಡಿತ್ತು. ಹಾಗಾಗಿ ಇಲ್ಲಿ ಆ ಆ್ಯಪ್ ಇಲ್ಲದೆ ಸಾಫ್ಟ್‌ವೇರ್ ಮಾರುವುದು ಕಷ್ಟ.

ಬೆಂಗಳೂರಿನ ಒಂದು ದೊಡ್ಡ ಕಂಪನಿ ನಮ್ಮ ಸಾಫ್ಟ್‌ವೇರನ್ನು ತನ್ನ ಹೆಸರಿನಲ್ಲಿ ರಾಜ್ಯದ ಬೇರೆ ಜಿಲ್ಲೆಗಳಿಗೂ ಮಾರುತ್ತೇನೆ ಎಂದು ಮುಂದೆ ಬಂತು. ಅವರು ಕಳಿಸಿದ ಕರಾರಿನ ಕರಡಿನಲ್ಲಿ ಒಂದು ಅನುಬಂಧ ಖಾಲಿ ಇತ್ತು. ಅದನ್ನು ನಾವು ತುಂಬಬೇಕು. ನಿಮ್ಮ ಸಾಫ್ಟ್‌ವೇರ್‌ನಲ್ಲಿರುವ ಹೊರಗಿನವರ ಕೋಡ್ ಯಾವುದು, ಎಷ್ಟನೇ ಆವೃತ್ತಿ, ಯಾವ ಲೈಸೆನ್ಸ್, ನೀವು ಅದನ್ನು ತಿದ್ದಿದ್ದೀರಾ, ನಿಮ್ಮ ಕೋಡ್ ಜೊತೆ ಹೇಗೆ ಸೇರಿಸಿದ್ದೀರಿ, ಗ್ರಾಹಕರಿಗೆ ಹೇಗೆ ತಲುಪಿಸುತ್ತೀರಿ, ಎಲ್ಲ ಬರೆಯಬೇಕು. ಅದರ ಕೆಳಗೆ ಇನ್ನೊಂದು ಕಲಂ. ಕಾಪಿರೈಟ್ ವಿಷಯದಲ್ಲಿ ಮುಂದೆ ಯಾರಾದರೂ ಕೇಸು ಹಾಕಿದರೆ ನಷ್ಟ ಪೂರ್ತಿ ನಮ್ಮದು.

ಆ ಕಲಂ ಓದಿದ ಮೇಲೆ ನಮ್ಮ ಸರ್ ನನ್ನನ್ನು ಕರೆದರು.

"ಎಂತ ಮಾರಾಯ, ಇದೆಲ್ಲ ಫ್ರೀ ಅಲ್ವಾ? ಎಲ್ಲರೂ ಹಾಕ್ತಾರೆ, ನಾವೂ ಹಾಕಿದ್ದೇವೆ."

"ದುಡ್ಡು ಕೊಡ್ಲಿಕ್ಕಿಲ್ಲ ಸರ್. ಷರತ್ತು ಉಂಟು. ಒಂದೊಂದಕ್ಕೆ ಒಂದೊಂದು" ಎಂದೆ.

"ಹಾಗಾದ್ರೆ ಯಾವುದಕ್ಕೆ ಏನು ಷರತ್ತು ಅಂತ ನೋಡು. ಗೊತ್ತಾಗದೆ ನಾನು ಸೈನ್ ಹಾಕುವುದಿಲ್ಲ."

ಆ ಮಾತು ನನಗೆ ಹಿಡಿಸಿತು. ಎಷ್ಟೋ ಕಡೆ ಇಂಥ ಅನುಬಂಧದಲ್ಲಿ "ಯಾವುದೂ ಇಲ್ಲ" ಎಂದು ಬರೆದು ಕಳಿಸುತ್ತಾರೆ. ಆಮೇಲೆ ಅದೇ ಉರುಳಾಗುತ್ತದೆ.

ಮೊದಲ ಕೆಲಸ ಪಟ್ಟಿ ಮಾಡುವುದು. ನಮ್ಮ ಸರ್ವರ್ ಕಡೆಯ ಕೋಡ್ ಜಾವಾದಲ್ಲಿದೆ, ಬಿಲ್ಡ್ ಮಾಡುವುದು, ಅಂದರೆ ಎಲ್ಲ ಕೋಡ್ ಜೋಡಿಸಿ ಓಡುವ ಪ್ರೋಗ್ರಾಂ ಮಾಡುವುದು, ಮೇವನ್ ಎಂಬ ಟೂಲ್‌ನಲ್ಲಿ. ನಾವು ಕೈಯಾರೆ ಸೇರಿಸಿದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ ಕಟ್ಟುಗಳು, ನಲವತ್ತರ ಆಸುಪಾಸು. ಆದರೆ ಪ್ರತಿಯೊಂದು ಲೈಬ್ರರಿಯೂ ತನಗೆ ಬೇಕಾದ ಇನ್ನಷ್ಟನ್ನು ಎಳೆದು ತರುತ್ತದೆ. ಯಾವುದು ಯಾವುದನ್ನು ಎಳೆದು ತಂದಿದೆ ಎಂಬ ಪಟ್ಟಿ, ಡಿಪೆಂಡೆನ್ಸಿ ಟ್ರೀ, ತೆಗೆದಾಗ ಮುನ್ನೂರರ ಮೇಲೆ ಹೆಸರು ಬಂದವು. ಅದರ ಮೇಲೆ ಸ್ಕ್ಯಾನ್‌ಕೋಡ್ ಎಂಬ ಟೂಲ್ ಓಡಿಸಿದೆವು. ಅದೂ ಓಪನ್ ಸೋರ್ಸೇ. ಫೈಲ್ ಫೈಲ್ ತೆರೆದು, ತಲೆಬರಹದಲ್ಲಿ ಯಾವ ಲೈಸೆನ್ಸ್, ಯಾರ ಕಾಪಿರೈಟ್ ಎಂದು ಹುಡುಕಿ ಹೇಳುತ್ತದೆ. ರಾತ್ರಿ ಬಿಟ್ಟು ಹೋದರೆ ಬೆಳಿಗ್ಗೆ ವರದಿ ಸಿದ್ಧ. ಮೇವನ್ ಪಟ್ಟಿಯನ್ನಷ್ಟೇ ನಂಬಿ ಕೂತರೆ ಸಾಲದು ಅಂತ ಆಗಲೇ ಗೊತ್ತಾಯಿತು. ಯಾರೋ ಎಲ್ಲಿಂದಲೋ ಕಾಪಿ ಮಾಡಿ ನಮ್ಮದೇ ಫೋಲ್ಡರ್‌ನಲ್ಲಿ ಹಾಕಿದ ಫೈಲು ಮೇವನ್‌ಗೆ ಕಾಣುವುದಿಲ್ಲ, ಸ್ಕ್ಯಾನರ್‌ಗೆ ಕಾಣುತ್ತದೆ.

ಹೆಚ್ಚಿನವು ಎಂಐಟಿ, ಬಿಎಸ್‌ಡಿ, ಅಪಾಚೆ 2.0. ಇವು ತಲೆನೋವಿಲ್ಲದ ಲೈಸೆನ್ಸ್‌ಗಳು. ಕೋಡ್ ಬಳಸಿ, ಮಾರಿ, ನಿಮ್ಮ ಸೋರ್ಸ್ ಮುಚ್ಚಿಟ್ಟುಕೊಳ್ಳಿ. ಆದರೆ ಬರೆದವರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯವನ್ನು ಜೊತೆಗೆ ಕೊಡಿ. ಅಪಾಚೆಯಲ್ಲಿ ನೋಟಿಸ್ ಎಂಬ ಫೈಲ್ ಇದ್ದರೆ ಅದನ್ನೂ ಕೊಡಬೇಕು. ಕೇಳುವುದು ಇಷ್ಟೇ. ನಮ್ಮ ಇನ್‌ಸ್ಟಾಲರ್‌ನಲ್ಲಿ ಅದೂ ಇರಲಿಲ್ಲ. "ನಮ್ಮ ಬಗ್ಗೆ" ಎಂಬ ಪುಟದಲ್ಲಿ ಕಂಪನಿಯ ವಿಳಾಸ, ಫೋನ್ ನಂಬರ್ ಮಾತ್ರ. ನೂರಾರು ಜನ ಬರೆದು ಕೊಟ್ಟ ಕೋಡ್ ಮೇಲೆ ನಿಂತ ಸಾಫ್ಟ್‌ವೇರ್‌ನಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲದಿರುವುದು ಸರಿಯಲ್ಲ. ಕಾನೂನು ಆಮೇಲಿನ ಮಾತು. ಇದನ್ನು ಸರಿ ಮಾಡುವುದು ಸುಲಭವಾಗಿತ್ತು. ಬಿಲ್ಡ್ ಆಗುವಾಗಲೇ ಎಲ್ಲ ಲೈಸೆನ್ಸ್ ಪಠ್ಯ ಒಂದು ಫೈಲಿನಲ್ಲಿ ಬರುವ ಹಾಗೆ ಮಾಡಿದೆವು.

ಕಷ್ಟದ್ದು ಉಳಿದ ಬೆರಳೆಣಿಕೆಯವು.

ರಶೀದಿ ಮತ್ತು ಲೆಡ್ಜರ್‌ನ ಪಿಡಿಎಫ್ ಮಾಡಲು ಐಟೆಕ್ಸ್ಟ್ ಎಂಬ ಲೈಬ್ರರಿ ಇತ್ತು. ಹಿಂದೆ ಇಲ್ಲಿ ಕೆಲಸ ಮಾಡಿ ಬಿಟ್ಟು ಹೋದವರು ಸೇರಿಸಿದ್ದು. ಇದರ ಹಳೆಯ ಆವೃತ್ತಿಗಳು, ಬಳಸುವವರು ತಮ್ಮ ಸೋರ್ಸ್ ಮುಚ್ಚಿಡಲು ಬಿಡುವ ಎಂಪಿಎಲ್, ಎಲ್‌ಜಿಪಿಎಲ್ ಲೈಸೆನ್ಸ್‌ನಲ್ಲಿದ್ದವು. 2009ರಲ್ಲಿ ಬಂದ 5ನೇ ಆವೃತ್ತಿಯಿಂದ ಎಜಿಪಿಎಲ್ ಎಂಬ ಬಿಗಿ ಲೈಸೆನ್ಸ್ ಆಯಿತು. ಬೇಡ ಅನ್ನುವವರು ದುಡ್ಡು ಕೊಟ್ಟು ಕಮರ್ಷಿಯಲ್ ಲೈಸೆನ್ಸ್ ತೆಗೆದುಕೊಳ್ಳಬಹುದು. ನಮ್ಮಲ್ಲಿ ಇದ್ದದ್ದು 5. ಹಳೆಯ ಕೋಡ್‌ನಲ್ಲಿ 2ನೇ ಆವೃತ್ತಿ ಇತ್ತು, ಯಾವಾಗಲೋ ಒಮ್ಮೆ ಎಲ್ಲ ಲೈಬ್ರರಿಗಳನ್ನು ಹೊಸದು ಮಾಡುವಾಗ ಇದೂ ಮೇಲೇರಿತ್ತು. ಲೈಬ್ರರಿಯ ಹೆಸರು ಅದೇ, ಕೆಲಸ ಅದೇ. ಷರತ್ತು ಪೂರ್ತಿ ಬೇರೆ. ಲೈಸೆನ್ಸ್ ಕೇಳುವಾಗ ಆವೃತ್ತಿ ಕೇಳದಿದ್ದರೆ ಉತ್ತರಕ್ಕೆ ಅರ್ಥವೇ ಇಲ್ಲ.

ನಮ್ಮದು ಸಂಘದ ಸರ್ವರ್‌ಗೇ ಹಾಕಿ ಕೊಡುವ ಸಾಫ್ಟ್‌ವೇರ್. ಅಂದರೆ ಪ್ರತಿ ಗ್ರಾಹಕರಿಗೂ ಒಂದು ಪ್ರತಿ ಕೊಟ್ಟ ಹಾಗೆ. ಎಜಿಪಿಎಲ್ ಸೇರಿದ ಜಿಪಿಎಲ್ ಕುಟುಂಬದ ಲೈಸೆನ್ಸ್‌ಗಳ ಷರತ್ತು ಜಾರಿಗೆ ಬರುವುದು ಹೀಗೆ ಕೊಡುವಾಗಲೇ. ಕಂಪನಿಯೊಳಗೆ ಎಷ್ಟು ಬೇಕಾದರೂ ಬಳಸಿ, ತಿದ್ದಿ, ಯಾರೂ ಕೇಳುವುದಿಲ್ಲ. ಆ ಕೋಡ್ ಸೇರಿದ ಪ್ರೋಗ್ರಾಂ ಇನ್ನೊಬ್ಬರ ಕೈಗೆ ಹೋದರೆ, ಪೂರ್ತಿ ಪ್ರೋಗ್ರಾಂನ ಸೋರ್ಸ್ ಅದೇ ಲೈಸೆನ್ಸ್‌ನಲ್ಲಿ ಅವರಿಗೆ ಸಿಗಬೇಕು. ಎಜಿಪಿಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರತಿ ಕೊಡದೆ, ತಿದ್ದಿದ ಕೋಡನ್ನು ನೆಟ್‌ವರ್ಕ್ ಮೇಲೆ ಓಡಿಸಿ ಸೇವೆ ಕೊಟ್ಟರೂ, ಬಳಸುವವರಿಗೆ ಸೋರ್ಸ್ ಕೊಡಬೇಕು. "ನಮ್ಮದು ಕ್ಲೌಡ್‌ನಲ್ಲಿ ಉಂಟು, ನಾವು ಯಾರಿಗೂ ಏನೂ ಕೊಡುವುದಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನೊಂದು, ಡೇಟಾಬೇಸ್‌ಗೆ ಸಂಪರ್ಕ ಕೊಡುವ ಮೈಎಸ್‌ಕ್ಯೂಎಲ್‌ನ ಜಾವಾ ಕನೆಕ್ಟರ್. ಅದು ಜಿಪಿಎಲ್ 2. ಅದರ ಜೊತೆ ಒಂದು ವಿನಾಯಿತಿ ಉಂಟು, ಆದರೆ ಆ ವಿನಾಯಿತಿ ಓಪನ್ ಸೋರ್ಸ್ ಸಾಫ್ಟ್‌ವೇರ್ ಮಾಡುವವರಿಗೆ. ಸೋರ್ಸ್ ಮುಚ್ಚಿಟ್ಟು ಮಾರುವ ನಮಗೆ ಅನ್ವಯಿಸುವುದಿಲ್ಲ. ನಮ್ಮ ಇನ್‌ಸ್ಟಾಲರ್ ಅದನ್ನು ಹೊತ್ತುಕೊಂಡೇ ಹೋಗುತ್ತಿತ್ತು. ಇದರ ಬದಲು ಮಾರಿಯಾಡಿಬಿ ಎಂಬ ಇನ್ನೊಂದು ಡೇಟಾಬೇಸ್‌ನ ಕನೆಕ್ಟರ್ ಹಾಕಿದೆವು. ಅದು ಎಲ್‌ಜಿಪಿಎಲ್. ಕನೆಕ್ಷನ್ ವಿಳಾಸದ ಒಂದು ಪದ ಬದಲಿಸಿ, ಎಲ್ಲ ವರದಿಗಳನ್ನು ಮತ್ತೆ ಟೆಸ್ಟ್ ಮಾಡಿದರೆ ಮುಗಿಯಿತು.

ಇಷ್ಟು ಆಗುವಾಗ ವಕೀಲರು ಬೇಕು ಅನ್ನಿಸಿತು. ಕೊಡಿಯಾಲ್‌ಬೈಲ್‌ನಲ್ಲಿ ಒಬ್ಬರು ಮೇಡಂ ಇದ್ದಾರೆ, ಟ್ರೇಡ್‌ಮಾರ್ಕ್, ಕಾಪಿರೈಟ್ ಕೆಲಸ ಮಾಡುವವರು. ನಮ್ಮ ಸರ್ ಕೂತ ಕೂಡಲೇ ಕೇಳಿದ್ದು ಒಂದೇ. "ಮೇಡಂ, ನಮ್ಮ ಕೋಡ್ ಎಲ್ಲ ಊರಿಗೇ ಹಂಚಬೇಕಾಗ್ತದಾ?"

ಹಾಗೆ ತನ್ನಿಂದ ತಾನೇ ಆಗುವುದಿಲ್ಲ ಎಂದರು ಅವರು. ಷರತ್ತು ಮುರಿದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದ ಮೇಲೆ ಪ್ರತಿ ಕೊಟ್ಟರೆ ಅದು ಕಾಪಿರೈಟ್ ಉಲ್ಲಂಘನೆ. ಕೋರ್ಟಿಗೆ ಹೋದರೆ ಮಾರಾಟಕ್ಕೆ ತಡೆ, ನಷ್ಟ ಪರಿಹಾರ, ಇವು ಬರುತ್ತವೆ. ಮಾರಾಟ ನಿಂತರೆ ಸಣ್ಣ ಕಂಪನಿಗೆ ಅದೇ ದೊಡ್ಡ ಪೆಟ್ಟು ಅಲ್ವಾ? ಷರತ್ತು ಪಾಲಿಸುವುದು, ಆ ಕೋಡ್ ತೆಗೆದು ಬೇರೆ ಹಾಕುವುದು, ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ಪಡೆಯುವುದು, ಇಲ್ಲವೇ ಮಾರುವುದನ್ನೇ ನಿಲ್ಲಿಸುವುದು. ಇಷ್ಟೇ ದಾರಿ. ಜಿಪಿಎಲ್ 2ರಲ್ಲಿ ಮುರಿದ ಕೂಡಲೇ ಹಕ್ಕು ಹೋಗುತ್ತದೆ. 2007ರ ಜಿಪಿಎಲ್ 3 ಸ್ವಲ್ಪ ಮೃದು. ಮೊದಲ ಸಲ ನೋಟಿಸ್ ಬಂದಾಗ 30 ದಿನದೊಳಗೆ ಸರಿ ಮಾಡಿದರೆ ಹಕ್ಕು ವಾಪಸ್ ಸಿಗುತ್ತದೆ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಕಂಪ್ಯೂಟರ್ ಪ್ರೋಗ್ರಾಂ ಅದರಲ್ಲಿ ಸಾಹಿತ್ಯ ಕೃತಿಗಳ ಸಾಲಿನಲ್ಲೇ ಬರುತ್ತದೆ. 63ಬಿ ಎಂಬ ಸೆಕ್ಷನ್ ತೋರಿಸಿದರು ಮೇಡಂ. ಉಲ್ಲಂಘನೆಯ ಪ್ರತಿ ಎಂದು ತಿಳಿದೂ ಕಂಪ್ಯೂಟರ್‌ನಲ್ಲಿ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. "ನೋಡಿ, ಇದು ಬಳಸುವವರ ಮೇಲಿನ ಸೆಕ್ಷನ್. ನೀವು ಕೊಟ್ಟದ್ದರಿಂದ ನಿಮ್ಮ ಸೊಸೈಟಿಯವರಿಗೆ ತೊಂದರೆ ಬರಬಾರದಲ್ಲ" ಎಂದರು. ನಮ್ಮನ್ನು ನಂಬಿ ಸಾಫ್ಟ್‌ವೇರ್ ಹಾಕಿಸಿಕೊಂಡ ಮ್ಯಾನೇಜರ್‌ಗಳು, ಕ್ಲರ್ಕ್‌ಗಳು ನನ್ನ ಕಣ್ಣ ಮುಂದೆ ಬಂದರು. ಅಲ್ಲಿಂದ ಮುಂದೆ ಇದನ್ನು ನಾನು ಬರೀ ಕರಾರಿನ ಕೆಲಸ ಅಂತ ನೋಡಲಿಲ್ಲ.

ಕೋರ್ಟುಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತವಾ ಎಂದು ನಾವು ಕೇಳಿದೆವು. ಹೊರದೇಶದ ಕೆಲವು ಕೇಸು ಹೇಳಿದರು. ಅಮೆರಿಕದಲ್ಲಿ 2008ರಲ್ಲಿ ಆಟದ ರೈಲು ಓಡಿಸುವ ಒಂದು ಸಾಫ್ಟ್‌ವೇರ್ ಬಗ್ಗೆ ಜೇಕಬ್ಸನ್ ಮತ್ತು ಕ್ಯಾಟ್ಜರ್ ನಡುವೆ ಕೇಸು ನಡೆದಿತ್ತು. ಓಪನ್ ಸೋರ್ಸ್ ಲೈಸೆನ್ಸ್‌ನ ಷರತ್ತು ಮುರಿದರೆ ಕಾಪಿರೈಟ್ ಕಾನೂನಿನಡಿ ಕೇಳಬಹುದು ಎಂದು ಅಲ್ಲಿ ಮೇಲಿನ ಕೋರ್ಟು ಹೇಳಿತು. ದಕ್ಷಿಣ ಕೊರಿಯಾದ ಹ್ಯಾನ್‌ಕಾಮ್ ಕಂಪನಿ ತನ್ನ ಆಫೀಸ್ ಸಾಫ್ಟ್‌ವೇರ್‌ನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ಪಿಡಿಎಫ್ ಸಾಫ್ಟ್‌ವೇರ್ ಸೇರಿಸಿ ಮಾರಿದ್ದಕ್ಕೆ, ಅದರ ಹಕ್ಕುಳ್ಳ ಆರ್ಟಿಫೆಕ್ಸ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಿತ್ತು. 2017ರಲ್ಲಿ ಕೋರ್ಟು ಅದನ್ನು ವಜಾ ಮಾಡಲು ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು. ಫ್ರಾನ್ಸ್‌ನಲ್ಲಿ ಆಂತ್ರುವೇರ್ ಎಂಬ ಸಣ್ಣ ಸಂಸ್ಥೆ, ಜಿಪಿಎಲ್‌ನಲ್ಲಿದ್ದ ತನ್ನ ಲೈಬ್ರರಿಯ ವಿಷಯಕ್ಕೆ ಆರೆಂಜ್ ಎಂಬ ದೊಡ್ಡ ಟೆಲಿಕಾಂ ಕಂಪನಿಯ ಮೇಲೆ 2011ರಲ್ಲಿ ಕೋರ್ಟಿಗೆ ಹೋಯಿತು. 2024ರಲ್ಲಿ ಪ್ಯಾರಿಸ್‌ನ ಮೇಲ್ಮನವಿ ಕೋರ್ಟು ಲಕ್ಷಾಂತರ ಯೂರೋ ಪರಿಹಾರ ಕೊಡಿಸಿತು. ಹದಿಮೂರು ವರ್ಷ ಕೇಸು ನಡೆಸುವ ಶಕ್ತಿ ನಮ್ಮಂಥವರಿಗೆ ಎಲ್ಲಿ ಉಂಟು?

ಐಟೆಕ್ಸ್ಟ್ ತೆಗೆಯುವುದು ಎಂದು ತೀರ್ಮಾನವಾಯಿತು. ಅದರ ಹಳೆಯ ಆವೃತ್ತಿಯಿಂದ ಕವಲೊಡೆದ ಓಪನ್‌ಪಿಡಿಎಫ್ ಎಂಬುದು ಎಲ್‌ಜಿಪಿಎಲ್ ಮತ್ತು ಎಂಪಿಎಲ್‌ನಲ್ಲಿ ಸಿಗುತ್ತದೆ. ಕೋಡ್ ಬದಲಿಸುವ ಕಷ್ಟ ಜಾಸ್ತಿ ಇರಲಿಲ್ಲ. ಕಷ್ಟ ಬಂದದ್ದು ಕನ್ನಡಕ್ಕೆ. ಮೊದಲ ಪ್ರಿಂಟ್‌ನಲ್ಲಿ "ಪುತ್ತೂರು" ಬಂದದ್ದು ತ, ಅದರ ಮೇಲೆ ಅರ್ಧಚಂದ್ರ, ಪಕ್ಕದಲ್ಲಿ ಮತ್ತೊಂದು ತ. ಒತ್ತು ಕೆಳಗೆ ಕೂರಲೇ ಇಲ್ಲ. "ಬೆಳ್ತಂಗಡಿ" ಕೂಡ ಹಾಗೆಯೇ. ಹಳೆಯ ಕೋಡ್ ಹೇಗೆ ಮಾಡುತ್ತಿತ್ತು ಎಂದು ನೋಡಿದರೆ, ಕನ್ನಡದ ಪ್ರತಿ ಸಾಲನ್ನೂ ಒಂದು ಚಿತ್ರ ಮಾಡಿ ಪಿಡಿಎಫ್‌ಗೆ ಅಂಟಿಸುತ್ತಿತ್ತು. ಓಪನ್‌ಪಿಡಿಎಫ್‌ನಲ್ಲಿ ಜಾವಾದ ಒಳಗೇ ಇರುವ ಅಕ್ಷರ ಜೋಡಿಸುವ ಎಂಜಿನ್ ಬಳಸುವ ಒಂದು ಸೌಲಭ್ಯ ಉಂಟು. ಅದನ್ನು ಆನ್ ಮಾಡಿದ ಮೇಲೆ ಒತ್ತಕ್ಷರ ಜಾಗಕ್ಕೆ ಬಂತು. ಈಗ ರಶೀದಿಯಲ್ಲಿ ಇರುವುದು ನಿಜವಾದ ಅಕ್ಷರ. ಹುಡುಕಬಹುದು, ಕಾಪಿ ಮಾಡಬಹುದು, ಫೈಲ್ ಕೂಡ ಸಣ್ಣದಾಯಿತು.

ಫಾಂಟ್‌ದೂ ಅದೇ ಸಮಯಕ್ಕೆ ಸರಿ ಮಾಡಿದೆವು. ಹಳೆಯ ಫಾಂಟ್ ಎಲ್ಲಿಂದ ಬಂತು, ಅದರ ಲೈಸೆನ್ಸ್ ಏನು, ಹೇಳುವವರು ಯಾರೂ ಇರಲಿಲ್ಲ. ಅದರ ಬದಲು ನೋಟೋ ಸಾನ್ಸ್ ಕನ್ನಡ ಹಾಕಿದೆವು. ಅದು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ. ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಫಾಂಟನ್ನು ಮಾತ್ರ ಒಂಟಿಯಾಗಿ ಮಾರುವ ಹಾಗಿಲ್ಲ.

ಎಲ್‌ಜಿಪಿಎಲ್‌ಗೆ ಬದಲಾದ ಮೇಲೆ ಎಲ್ಲ ಸಲೀಸು ಎಂದುಕೊಳ್ಳುವ ಹಾಗಿಲ್ಲ. ಎಲ್‌ಜಿಪಿಎಲ್ ನಮ್ಮ ಕೋಡ್ ಮುಚ್ಚಿಡಲು ಬಿಡುತ್ತದೆ. ಆದರೆ ಗ್ರಾಹಕರು ಬೇಕಾದರೆ ಆ ಲೈಬ್ರರಿಯ ತಿದ್ದಿದ ಆವೃತ್ತಿಯನ್ನು ಹಾಕಿಕೊಳ್ಳಲು ಸಾಧ್ಯವಾಗಬೇಕು ಎನ್ನುತ್ತದೆ. ನಮ್ಮ ಬಿಲ್ಡ್ ಎಲ್ಲವನ್ನೂ ಕರಗಿಸಿ ಒಂದೇ ಜಾರ್, ಅಂದರೆ ಒಂದೇ ಜಾವಾ ಫೈಲ್‌ನ ಕಟ್ಟು, ಮಾಡುತ್ತಿತ್ತು. ಅದನ್ನು ಬಿಡಿಸಿ ಲೈಬ್ರರಿಗಳನ್ನು ಬೇರೆ ಫೋಲ್ಡರ್‌ಗೆ ಹಾಕಿದೆವು. ನಮ್ಮ ಗ್ರಾಹಕ ಒಪ್ಪಂದದಲ್ಲಿ "ಯಾವ ರೀತಿಯ ರಿವರ್ಸ್ ಎಂಜಿನಿಯರಿಂಗ್ ಕೂಡ ಮಾಡಬಾರದು" ಎಂಬ ಸಾಲಿತ್ತು. ಅಂದರೆ ಪ್ರೋಗ್ರಾಂ ಬಿಚ್ಚಿ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬಾರದು. ಎಲ್ಲರ ಒಪ್ಪಂದದಲ್ಲೂ ಇರುವ ಸಾಲು ಅದು. ಆದರೆ ಎಲ್‌ಜಿಪಿಎಲ್ 2.1ರ 6ನೇ ಸೆಕ್ಷನ್ ಪ್ರಕಾರ, ಲೈಬ್ರರಿ ತಿದ್ದಿದವರು ತಪ್ಪು ಹುಡುಕಲು ರಿವರ್ಸ್ ಎಂಜಿನಿಯರಿಂಗ್ ಮಾಡಿದರೆ ನಾವು ಬೇಡ ಅನ್ನುವ ಹಾಗಿಲ್ಲ. ಮೇಡಂ ಆ ಸಾಲಿಗೆ ಒಂದು ವಿನಾಯಿತಿ ಬರೆದು ಕೊಟ್ಟರು. ಕೋಡ್ ಸ್ಕ್ಯಾನರ್‌ಗೆ ಇದು ಸಿಗುವುದೇ ಇಲ್ಲ. ಮನುಷ್ಯರು ಕೂತು ಓದಬೇಕು.

ಪಿಗ್ಮಿ ಆ್ಯಪ್‌ನಲ್ಲಿ ಬೇರೆ ತೊಂದರೆ. ಏಜೆಂಟರು ಸೊಂಟಕ್ಕೆ ಕಟ್ಟಿಕೊಳ್ಳುವ ಬ್ಲೂಟೂತ್ ಪ್ರಿಂಟರ್‌ಗೆ ರಶೀದಿ ಕಳಿಸುವ ಕೋಡ್, ಜನ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದಿಂದ ತಂದದ್ದು. ಅದಕ್ಕೆ ಲೈಸೆನ್ಸ್ ಫೈಲೇ ಇಲ್ಲ. ಲೈಸೆನ್ಸ್ ಇಲ್ಲ ಅಂದರೆ ಯಾರು ಬೇಕಾದರೂ ಬಳಸಬಹುದು ಎಂದು ನಮ್ಮ ಹುಡುಗರು ತಿಳಿದಿದ್ದರು. ಮೇಡಂ ಹೇಳಿದ್ದು ಉಲ್ಟಾ. "ತೋಟಕ್ಕೆ ಬೇಲಿ ಇಲ್ಲ ಅಂತ ತೆಂಗಿನಕಾಯಿ ಕೊಯ್ಯಬಹುದಾ?" ಬರೆದ ಕ್ಷಣದಿಂದ ಕಾಪಿರೈಟ್ ಬರೆದವರದ್ದೇ. ಅವರು ಅನುಮತಿ ಕೊಡದಿದ್ದರೆ ನಮಗೆ ಯಾವ ಹಕ್ಕೂ ಇಲ್ಲ. ಜಿಪಿಎಲ್‌ನಲ್ಲಾದರೂ ಪಾಲಿಸಲು ಷರತ್ತು ಇರುತ್ತದೆ, ಇಲ್ಲಿ ಅದೂ ಇಲ್ಲ. ಬರೆದವರಿಗೇ ಕೇಳೋಣ ಎಂದು ಆ ಗಿಟ್‌ಹಬ್ ಪುಟದಲ್ಲೇ ಒಂದು ವಿನಂತಿ ಹಾಕಿದೆ. ನಾವು ಯಾರು, ಯಾವುದಕ್ಕೆ ಬಳಸುತ್ತಿದ್ದೇವೆ, ಮಾರುತ್ತೇವೆ ಎಂಬುದನ್ನೂ ಮುಚ್ಚಿಡದೆ ಬರೆದೆ. ಉತ್ತರ ಬಂತು. ಓದುತ್ತಿರುವಾಗ ಪ್ರಾಜೆಕ್ಟ್‌ಗೆ ಮಾಡಿದ್ದಂತೆ, ಲೈಸೆನ್ಸ್ ಹಾಕಬೇಕು ಅಂತ ಗೊತ್ತಿರಲಿಲ್ಲವಂತೆ. ಎಂಐಟಿ ಲೈಸೆನ್ಸ್ ಸೇರಿಸಿದರು. ತನ್ನ ಕೋಡ್ ದಿನಾ ಅಂಗಡಿ ಅಂಗಡಿ ಸುತ್ತುತ್ತದೆ ಎಂದು ಕೇಳಿ ಖುಷಿಪಟ್ಟರು. ಈಗ ಅವರ ಹೆಸರು ನಮ್ಮ ಆ್ಯಪ್‌ನ ಲೈಸೆನ್ಸ್ ಪುಟದಲ್ಲಿದೆ.

ಸ್ಕ್ಯಾನರ್ ಇನ್ನೊಂದನ್ನು ಹಿಡಿಯಿತು. ರಶೀದಿಯಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಫಂಕ್ಷನ್ ಮೇಲೆ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಲಿಂಕ್ ಕಾಮೆಂಟ್ ಆಗಿ ಕೂತಿತ್ತು. ಅಲ್ಲಿನ ಉತ್ತರಗಳು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಲೈಸೆನ್ಸ್‌ನಲ್ಲಿರುತ್ತವೆ. ಹೆಸರು ಹೇಳಬೇಕು, ಅದರಿಂದ ಮಾಡಿದ್ದನ್ನು ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಮುಚ್ಚಿದ ಸಾಫ್ಟ್‌ವೇರ್‌ಗೆ ಇದು ಹೊಂದುವುದಿಲ್ಲ. ಆ ಕೋಡ್ ಇಂಗ್ಲಿಷ್ ಸಂಖ್ಯೆಗೆ ಬರೆದದ್ದು, ಪದ ಮಾತ್ರ ಕನ್ನಡಕ್ಕೆ ಬದಲಿಸಿದ್ದರು. ಹಾಗಾಗಿ 250ಕ್ಕೆ "ಎರಡು ನೂರು ಐವತ್ತು" ಎಂದು ಬರುತ್ತಿತ್ತು. ಲಿಂಕ್ ತೆರೆಯದ ಒಬ್ಬರ ಹತ್ತಿರ ಹೊಸದಾಗಿ ಬರೆಸಿದೆವು. ಇನ್ನೂರು, ಮುನ್ನೂರು, ನಾನೂರು, ಐನೂರು, ಹಿಂದೆ ಸಂಖ್ಯೆ ಬಂದರೆ "ಇನ್ನೂರ ಐವತ್ತು", ಎಲ್ಲ ಪಟ್ಟಿ ಮಾಡಿ. ಈಗ ರಶೀದಿ ಓದಿದರೆ ಕನ್ನಡದ ಹಾಗೆ ಕೇಳುತ್ತದೆ.

ಉಳಿದದ್ದು ಕಿಯೋಸ್ಕ್. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದ್ದದ್ದು ಇದರದ್ದು. ಒಳಗೆ ಇರುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮತ್ತು ಬ್ಯುಸಿಬಾಕ್ಸ್ ಎಂಬ ಸಣ್ಣ ಟೂಲ್‌ಗಳ ಕಟ್ಟು. ಎರಡೂ ಜಿಪಿಎಲ್ 2. ನಮ್ಮ ಪ್ರಿಂಟಿಂಗ್ ಪ್ರೋಗ್ರಾಂ ಅವುಗಳ ಮೇಲೆ ಓಡುವ ಬೇರೆಯೇ ಪ್ರೋಗ್ರಾಂ, ಅದಕ್ಕೆ ತೊಂದರೆ ಇಲ್ಲ. ಆದರೆ ಪೆಟ್ಟಿಗೆ ಮಾರುವಾಗ ಲಿನಕ್ಸ್‌ನ ಪ್ರತಿಯೂ ಮಾರಿದ ಹಾಗೆ. ಅದರ ಸೋರ್ಸ್ ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆ ಎಂದು ಕನಿಷ್ಠ 3 ವರ್ಷ ಊರ್ಜಿತದಲ್ಲಿರುವ ಲಿಖಿತ ಭರವಸೆ ಕೊಡಬೇಕು. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರ್ ವಿಷಯದಲ್ಲಿ 2003ರಲ್ಲಿ ಆದದ್ದು ಇದೇ. ಒಳಗೆ ಲಿನಕ್ಸ್ ಇದೆ ಎಂದು ಜನ ಕಂಡುಹಿಡಿದರು, ಕೇಳಿ ಕೇಳಿ ಸೋರ್ಸ್ ಬಿಡಿಸಿದರು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ಸಾಫ್ಟ್‌ವೇರ್ ಹುಟ್ಟಿತು. ಲಿಂಕ್‌ಸಿಸ್‌ನ ಆಗಿನ ಮಾಲೀಕ ಸಿಸ್ಕೋ ಮೇಲೆ 2008ರಲ್ಲಿ, ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೇಸು ಹಾಕಿ, 2009ರಲ್ಲಿ ರಾಜಿಯಾಯಿತು. ನಮ್ಮ ಗಾತ್ರ ಚಿಕ್ಕದು, ಷರತ್ತು ಅದೇ.

ಹೊಸ ಕಿಯೋಸ್ಕ್‌ಗಳ ಇಮೇಜ್, ಅಂದರೆ ಕಾರ್ಡ್‌ಗೆ ಹಾಕುವ ಪೂರ್ತಿ ಸಾಫ್ಟ್‌ವೇರ್‌ನ ಪ್ರತಿ, ನಾವು ಬಿಲ್ಡ್‌ರೂಟ್ ಎಂಬ ಟೂಲ್‌ನಲ್ಲಿ ಮಾಡುತ್ತೇವೆ. ಅದರಲ್ಲಿ ಲೀಗಲ್-ಇನ್ಫೋ ಎಂಬ ಆಜ್ಞೆ ಉಂಟು. ಓಡಿಸಿದರೆ ಇಮೇಜ್‌ನಲ್ಲಿರುವ ಪ್ರತಿ ಪ್ಯಾಕೇಜ್‌ನ ಸೋರ್ಸ್, ಪ್ಯಾಚ್, ಲೈಸೆನ್ಸ್ ಪಠ್ಯ, ಪಟ್ಟಿ ಎಲ್ಲ ಒಂದು ಫೋಲ್ಡರ್‌ನಲ್ಲಿ ಬಂದು ಬೀಳುತ್ತದೆ. ಮಾಡಿದವರ ದೂರದೃಷ್ಟಿ ನೋಡಿ ನನಗೆ ನಿಜಕ್ಕೂ ಗೌರವ ಬಂತು. ಆದರೆ ಹಳೆಯ ಕಿಯೋಸ್ಕ್‌ಗಳ ಇಮೇಜ್ ಹೊರಗಿನ ಗುತ್ತಿಗೆಯವರು ಮಾಡಿದ್ದು. ಅದರ ಸೆಟ್ಟಿಂಗ್ ಫೈಲ್‌ಗಳನ್ನು ಅವರು ಉಳಿಸಿಲ್ಲ. ಒಳಗಿರುವ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಸರಿಯಾಗಿ ಹೊಂದುವ ಸೋರ್ಸ್ ಕೊಡಿ ಅಂದರೆ ಕೊಡಲು ಏನೂ ಇಲ್ಲ. ಒಂದೇ ದಾರಿ ಉಳಿದಿತ್ತು. ಹೊಸ ಇಮೇಜ್ ಹಾಕಿದ ಎಸ್‌ಡಿ ಕಾರ್ಡ್ ಹಿಡಿದು ಪ್ರತಿ ಸಂಘಕ್ಕೂ ಹೋಗಿ ಬದಲಿಸುವುದು. ಪೆಟ್ಟಿಗೆಯ ಹಿಂದೆ ಸೋರ್ಸ್ ಬಗ್ಗೆ ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ಒಂದು ಚೀಟಿಯನ್ನೂ ಅಂಟಿಸುತ್ತೇವೆ. ಕಾರ್ಕಳದ ಒಬ್ಬ ಕಾರ್ಯದರ್ಶಿಯವರು ಅದನ್ನು ಪೂರ್ತಿ ಓದಿ, "ಅಂದ್ರೆ ಇದು ನಮ್ಮ ಹಕ್ಕಾ?" ಎಂದು ಕೇಳಿದರು. "ಹೌದು ಸರ್, ಕೇಳಿದ್ರೆ ನಾವು ಕೊಡ್ಲೇಬೇಕು" ಎಂದೆ.

ಅನುಬಂಧ ತುಂಬುವಾಗ ನಾವು ಏನನ್ನೂ ಬಿಡಲಿಲ್ಲ. ಏನು ಇತ್ತು, ಏನು ತೆಗೆದೆವು, ಯಾವ ಆವೃತ್ತಿಯಿಂದ ತೆಗೆದೆವು, ಗ್ರಾಹಕರ ಹತ್ತಿರ ಇನ್ನೂ ಎಲ್ಲಿ ಹಳೆಯದು ಇದೆ, ಎಲ್ಲ ಬರೆದೆವು. ಹಿಂದೆ ಕೊಟ್ಟ ಪ್ರತಿಗಳ ವಿಷಯವನ್ನು ಮೇಡಂ ನೋಡಿಕೊಂಡರು. ಬೆಂಗಳೂರಿನವರು ನಮ್ಮ ಇನ್‌ಸ್ಟಾಲರನ್ನು ತಾವೇ ಸ್ಕ್ಯಾನ್ ಮಾಡಿದರು. ಅವರ ವರದಿ, ನಮ್ಮ ಪಟ್ಟಿ ಎರಡೂ ಹೊಂದಿದವು. ಕರಾರಿಗೆ ಸಹಿ ಬಿತ್ತು. ನಷ್ಟ ತುಂಬುವ ಕಲಂ ಹಾಗೇ ಉಳಿದಿದೆ, ಆದರೆ ಮೊತ್ತಕ್ಕೆ ಒಂದು ಮಿತಿ ಹಾಕಿಸಿದ್ದಾರೆ ಮೇಡಂ.

ಈಗ ಪ್ರತಿ ಬಿಡುಗಡೆಗೂ ಎಸ್‌ಬಿಒಎಂ ಕೊಡುತ್ತೇವೆ, ಅಂದರೆ ಒಳಗೆ ಏನೇನಿದೆ ಎಂಬ ಪಟ್ಟಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಇದರ ಬಗ್ಗೆ ಮಾರ್ಗಸೂಚಿ ತಂದಿದೆ, ಹಾಗಾಗಿ ಕೇಳುವ ಗ್ರಾಹಕರು ಜಾಸ್ತಿಯಾಗುತ್ತಿದ್ದಾರೆ. ಒಪ್ಪಿದ ಲೈಸೆನ್ಸ್‌ಗಳ ಪಟ್ಟಿಯಲ್ಲಿ ಇಲ್ಲದ ಯಾವುದೇ ಲೈಬ್ರರಿ ಬಂದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಒಮ್ಮೆ ನೋಡಿ ಬಿಡುವ ಹಾಗಿಲ್ಲ. ಹೆಸರಾಂತ ಸಾಫ್ಟ್‌ವೇರ್‌ಗಳಾದ ಇಲಾಸ್ಟಿಕ್‌ಸರ್ಚ್ 2021ರಲ್ಲಿ, ಟೆರಾಫಾರ್ಮ್ 2023ರಲ್ಲಿ, ರೆಡಿಸ್ 2024ರಲ್ಲಿ ಲೈಸೆನ್ಸ್ ಬದಲಿಸಿದವು. ಹಳೆಯ ಆವೃತ್ತಿಗೆ ಹಳೆಯ ಷರತ್ತು, ಹೊಸದಕ್ಕೆ ಹೊಸದು. ಅಪ್‌ಡೇಟ್ ಒತ್ತುವ ಮೊದಲು ನೋಡಬೇಕು.

ಬೈಂದೂರು ಕಡೆಯ ಕೆಲವು ಕಿಯೋಸ್ಕ್‌ಗಳ ಕಾರ್ಡ್ ಬದಲಿಸುವುದು ಇನ್ನೂ ಬಾಕಿ ಉಂಟು. ಅಲ್ಲಿಯವರೆಗೆ ಅನುಬಂಧದಲ್ಲಿ ಅವುಗಳ ಮುಂದೆ "ಹಳೆಯ ಇಮೇಜ್" ಎಂದೇ ಇರುತ್ತದೆ.